ನೆಟ್‌ವರ್ಕ್ ಹೋಗಿತ್ತು ಎಂಬ ನೆವ

ಊರಿಗೆ 5ಜಿ ಬಂದಿದೆ, ಕಣ್ಣು ಹಾಯಿಸಿದಲ್ಲೆಲ್ಲ ಟವರ್ ನಿಂತಿವೆ. ಇನ್ನು ಓಡುವ ಬಸ್ಸಿಗೆ, ಲಾರಿಗೆ, ಆಂಬುಲೆನ್ಸಿಗೆ ಸಂಪರ್ಕ ಒದಗಿಸುವುದೇನು ದೊಡ್ಡ ಮಾತು? ಒಂದು ಜಿಪಿಎಸ್ ಡಬ್ಬಿ ಕೂಡಿಸಿ ಒಳಗೊಂದು ಸಿಮ್ ಹಾಕಿದರೆ ಕೆಲಸ ಮುಗಿಯಿತು. ಅಲ್ಲಲ್ಲಿ ಸಿಗ್ನಲ್ ಹೋದರೆ ಅದು ಮೊಬೈಲ್ ಕಂಪನಿಯ ತಪ್ಪು, ಇನ್ನೆರಡು ಟವರ್ ಹಾಕಿದರೆ ಅದೂ ಸರಿಹೋಗುತ್ತದೆ. ಸಾರಿಗೆಯ ಬಗ್ಗೆ ತೀರ್ಮಾನ ಮಾಡುವವರಿಂದ ಹಿಡಿದು ನಿಲ್ದಾಣದಲ್ಲಿ ಕಾಯುವ ನಮ್ಮ ಮಂದಿಯವರೆಗೆ ಹೆಚ್ಚಿನವರು ನಂಬಿರುವುದು ಇದನ್ನೇ. ಟೆಂಡರ್ ಬರೆಯುವುದು, ಸಾಧನ ಕೊಳ್ಳುವುದು, ಕೆಟ್ಟಾಗ ಸಬೂಬು ಹೇಳುವುದು ಎಲ್ಲವೂ ಇದರ ಮೇಲೆಯೇ ನಡೆಯುತ್ತಿದೆ.

ಈ ನಂಬಿಕೆ ಬುಡದಲ್ಲಿಯೇ ತಪ್ಪು. ಓಡುವ ಗಾಡಿಗೆ ಯಾವ ಒಂದು ಜಾಲವೂ ದಾರಿಯುದ್ದಕ್ಕೂ ಸಾಲುವುದಿಲ್ಲ, ಸಾಲುವ ದಿನ ಬರಲೆಂದು ಕಾಯುವುದೂ ಸರಿಯಲ್ಲ. ಜಾಲ ಹೋಗಿಯೇ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಿಡಿದು, ಒಂದು ಹೋದಾಗ ಇನ್ನೊಂದು ಹಿಡಿದುಕೊಳ್ಳುವಂತೆ, ಎಲ್ಲವೂ ಹೋದಾಗ ಅದು ಎಲ್ಲರಿಗೂ ತಿಳಿಯುವಂತೆ ವ್ಯವಸ್ಥೆ ಕಟ್ಟುವುದು ಕೊಳ್ಳುವವರ ಹೊಣೆ. ಆ ಹೊಣೆಯನ್ನು ಹೊರಲಾಗದೆ ನಾವು ಅದನ್ನು ಟವರಿನ ತಲೆಗೆ ಕಟ್ಟಿದ್ದೇವೆ.

ಈ ಮಾತನ್ನು ಹುಬ್ಬಳ್ಳಿ-ಧಾರವಾಡದ ನಡುವಿನ ಅಮರಗೋಳದಲ್ಲಿ ನಿಂತು ಆಡಲು ಕಾರಣವಿದೆ. ಎರಡು ಕಿಲೋಮೀಟರಿನ ಸುತ್ತಳತೆಯಲ್ಲಿ ಇಷ್ಟು ಬಗೆಯ ಗಾಡಿಗಳು ಸೇರುವ ಜಾಗ ಉತ್ತರ ಕರ್ನಾಟಕದಲ್ಲಿ ಕಡಿಮೆ. ಪಿ.ಬಿ. ರಸ್ತೆಯ ನಡುವೆ ತ್ವರಿತ ಬಸ್ ಸಾರಿಗೆಯ (ಬಿಆರ್‌ಟಿಎಸ್) ಚಿಗರಿ ಬಸ್ಸುಗಳ ಪ್ರತ್ಯೇಕ ಪಥ. ಬದಿಗೆ ಎಪಿಎಂಸಿ ಪ್ರಾಂಗಣ, ಅಲ್ಲಿಗೆ ಬಂದು ಹೋಗುವ ಲಾರಿಗಳು. ಹಿಂದೆ ಹುಬ್ಬಳ್ಳಿ-ಧಾರವಾಡ ರೈಲು ಮಾರ್ಗದ ಸಣ್ಣ ನಿಲ್ದಾಣ. ಕಾರವಾರ, ಯಲ್ಲಾಪುರದ ಕಡೆಯ ರೋಗಿಗಳನ್ನು ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ ಒಯ್ಯುವ ಆಂಬುಲೆನ್ಸುಗಳೂ ಇದೇ ಆಸುಪಾಸಿನಲ್ಲಿ ಹಾಯುತ್ತವೆ. ಈ ಪ್ರತಿಯೊಂದು ಗಾಡಿಗೂ ಸಂಪರ್ಕ ಬೇಕು, ಪ್ರತಿಯೊಂದಕ್ಕೂ ಬೇಕಾದ ಬಗೆ ಬೇರೆ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ಜಿಪಿಎಸ್ ಇದ್ದರೆ ಗಾಡಿ ಎಲ್ಲಿದೆಯೆಂದು ಕಚೇರಿಗೆ ಗೊತ್ತಾಗುತ್ತದೆ ಎಂದು ಓದಿದವರೂ ಹೇಳುತ್ತಾರೆ. ಜಿಪಿಎಸ್ ರಿಸೀವರ್ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಉಪಗ್ರಹಗಳ ಸಂಕೇತ ಹಿಡಿದು ತಾನೆಲ್ಲಿದ್ದೇನೆಂದು ಅದು ಲೆಕ್ಕ ಹಾಕುತ್ತದೆ, ಅಷ್ಟೆ. ಆ ಲೆಕ್ಕವನ್ನು ಕಚೇರಿಗೆ ಮುಟ್ಟಿಸಬೇಕಾದದ್ದು ಮೊಬೈಲ್ ಜಾಲ. ಆಕಾಶ ತಿಳಿಯಾಗಿದ್ದು ಉಪಗ್ರಹಗಳು ಚೆನ್ನಾಗಿ ಕಂಡರೂ, ಹತ್ತಿರ ಟವರ್ ಇಲ್ಲದ ಕಡೆ ಗಾಡಿಗೆ ತನ್ನ ಜಾಗ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ.

ಇನ್ನು ಟವರಿನ ಮಾತು. ನಿಂತಲ್ಲಿ ನಿಂತು ಮೊಬೈಲ್ ನೋಡಿ ನಾಲ್ಕು ಕಡ್ಡಿ ಇದೆ ಎನ್ನುವವನ ಅನುಭವವೇ ಬೇರೆ, ಗಂಟೆಗೆ ಅರವತ್ತು ಕಿಲೋಮೀಟರ್ ಓಡುವ ಬಸ್ಸಿನ ಅನುಭವವೇ ಬೇರೆ. ಬಸ್ಸು ಒಂದು ಟವರಿನಿಂದ ಇನ್ನೊಂದಕ್ಕೆ ಹಸ್ತಾಂತರವಾಗುತ್ತಲೇ ಸಾಗಬೇಕು. ಅದೇ ಹೊತ್ತಿಗೆ ಒಳಗೆ ಕುಳಿತ ಐವತ್ತು, ಅರವತ್ತು ಮಂದಿಯ ಮೊಬೈಲುಗಳೂ ಒಟ್ಟಿಗೇ ದಾಟುತ್ತವೆ. ಮುಂದಿನ ಟವರಿನಲ್ಲಿ ಜಾಗ ತುಂಬಿದ್ದರೆ ಬಸ್ಸಿನ ಡಬ್ಬಿಯ ಸಂದೇಶವೂ ಪ್ರಯಾಣಿಕರ ವೀಡಿಯೊದ ಜತೆ ಸರದಿಯಲ್ಲಿ ನಿಲ್ಲುತ್ತದೆ. 5ಜಿ ಇದನ್ನು ಸುಲಭ ಮಾಡುವುದಿಲ್ಲ. ನಮ್ಮಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಪಟ್ಟಿಯ ಅಲೆಗಳು 700 ಅಥವಾ 900 ಮೆಗಾಹರ್ಟ್ಸ್‌ನವುಗಳಷ್ಟು ದೂರ ಹೋಗುವುದಿಲ್ಲ, ಗೋಡೆ ಮರಗಳನ್ನು ಅಷ್ಟು ಚೆನ್ನಾಗಿ ದಾಟುವುದಿಲ್ಲ. ಆ ಪಟ್ಟಿಯಲ್ಲಿ ವೇಗ ಹೆಚ್ಚು, ಆದರೆ ಟವರುಗಳು ಹತ್ತಿರ ಹತ್ತಿರ ಬೇಕು, ಹಸ್ತಾಂತರಗಳೂ ಹೆಚ್ಚು. ಬಸ್ಸು ತಾನಿರುವ ಜಾಗವನ್ನು ತಿಳಿಸಲು ಬೇಕಾದದ್ದು ನೂರಿನ್ನೂರು ಅಕ್ಷರ. ಅದಕ್ಕೆ ವೇಗ ಬೇಕಿಲ್ಲ, ಕಡಿಯದ ದಾರಿ ಬೇಕು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಉದ್ಘಾಟನೆಯಾದಂದಿನಿಂದ ಈ ಎರಡನ್ನೂ ಒಂದೇ ಎಂದು ನಂಬಿಸುವ ಮಾತುಗಳನ್ನು ನಾವು ಕೇಳುತ್ತ ಬಂದಿದ್ದೇವೆ.

ಸರಾಸರಿಯ ಲೆಕ್ಕ ಇನ್ನೂ ದೊಡ್ಡ ಮೋಸ. ಕರೆ ಕಡಿತ ಶೇಕಡಾ 2ರೊಳಗಿದ್ದರೆ ಜಾಲ ಚೆನ್ನಾಗಿದೆ ಎನ್ನುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಇಟ್ಟ ಮಾನದಂಡ. ಲಕ್ಷಾಂತರ ಗ್ರಾಹಕರ ಸರಾಸರಿಗೆ ಅದು ಸರಿಯಾದ ಅಳತೆಯೇ. ಆದರೆ ಬಸ್ಸಿನ ದಾರಿ ದಿನಾ ಒಂದೇ. ಆ ದಾರಿಯಲ್ಲಿ ಒಂದು ಕಡೆ ಜಾಲದ ತೂತು ಇದ್ದರೆ ಪ್ರತಿ ಬಸ್ಸು, ಪ್ರತಿ ಸರತಿ, ಅಲ್ಲಿಯೇ ಬಿದ್ದು ಏಳುತ್ತದೆ. ರಾಜ್ಯದ ಸರಾಸರಿಯಲ್ಲಿ ಲೆಕ್ಕಕ್ಕೂ ಸಿಗದ ಆ ತೂತು ಆ ಬಸ್ಸಿನ ಪಾಲಿಗೆ ನೂರಕ್ಕೆ ನೂರು. ಕಾಯುವ ಪ್ರಯಾಣಿಕನಿಗೆ ರಾಜ್ಯದ ಸರಾಸರಿಯಿಂದ ಏನೂ ಆಗಬೇಕಿಲ್ಲ, ಅವನಿಗೆ ಬೇಕಾದದ್ದು ಈ ಬಸ್ಸು. 2024ರ ಹೊಸ ಗುಣಮಟ್ಟ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಜಾಲತಾಣದಲ್ಲಿ ತೋರಿಸಬೇಕು. ಒಳ್ಳೆಯದು. ಆ ನಕ್ಷೆಯ ಬಣ್ಣ ನೋಡಿ ಬಸ್ಸಿನ ಸಿಮ್ ಆರಿಸುವುದು ಮಾತ್ರ ಒಳ್ಳೆಯದಲ್ಲ. ದಾರಿಯುದ್ದಕ್ಕೂ ಗಾಡಿ ಓಡಿಸಿ, ಬೇರೆ ಬೇರೆ ಹೊತ್ತಿನಲ್ಲಿ, ಮಳೆಗಾಲದಲ್ಲಿಯೂ, ಎಲ್ಲ ಕಂಪನಿಗಳ ಸಿಮ್ ಒಟ್ಟಿಗೆ ಇಟ್ಟು ಅಳೆದದ್ದೇ ನಿಜವಾದ ನಕ್ಷೆ.

ಜಾಲ ಹೋಗುವುದು ಅಪರೂಪ ಎನ್ನುವವರು ಸರ್ಕಾರವೇ ಹೊರಡಿಸಿದ ಮಾನದಂಡವನ್ನು ಒಮ್ಮೆ ಓದಬೇಕು. 2016ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125-ಎಚ್ ಸೇರಿತು. ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಾನ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯ ಎಂದಿತು ಅದು. 2019ರ ಜನವರಿ 1ರಿಂದ ಹೊಸ ವಾಹನಗಳಿಗೆ ಜಾರಿಯಾಯಿತು. ಸಾಧನ ಹೇಗಿರಬೇಕೆಂದು ಹೇಳುವುದು ಎಐಎಸ್-140 ಎಂಬ ಮಾನದಂಡ. ಜಾಲ ಇಲ್ಲದಾಗ ಕನಿಷ್ಠ 40,000 ಸ್ಥಾನ ದಾಖಲೆಗಳನ್ನು ಡಬ್ಬಿ ತನ್ನೊಳಗೇ ಕೂಡಿಡಬೇಕು, ಜಾಲ ಸಿಕ್ಕೊಡನೆ ಕಳಿಸಬೇಕು ಎಂದು ಅದು ಹೇಳುತ್ತದೆ. ಐದು ಸೆಕೆಂಡಿಗೊಂದರಂತೆ ಲೆಕ್ಕ ಹಾಕಿದರೆ ಅದು ಎರಡು ದಿನಕ್ಕೂ ಮಿಗಿಲಾದ ಮೌನಕ್ಕೆ ಸಾಲುವ ಜಾಗ. ತುರ್ತು ಗುಂಡಿ ಒತ್ತಿದಾಗ ಇಂಟರ್‌ನೆಟ್ ಇಲ್ಲದಿದ್ದರೆ ಎಸ್‌ಎಂಎಸ್ ಮೂಲಕ ಕಳಿಸಬೇಕು ಎಂಬ ಮಾತೂ ಅದರಲ್ಲಿದೆ. ಕಳಿಸುವ ಪ್ರತಿ ಸಂದೇಶಕ್ಕೂ ಇದು ಈಗಿನದೋ ಹಳೆಯದೋ ಎಂಬ ಗುರುತು ಇರಬೇಕು. ಮಾನದಂಡ ಬರೆದ ಎಂಜಿನಿಯರುಗಳಿಗೆ ಜಾಲ ಹೋಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು, ಬರೆದೂ ಇಟ್ಟರು. ಡಬ್ಬಿ ಕೊಳ್ಳುವವರು ಪ್ರಮಾಣಪತ್ರ ನೋಡುತ್ತಾರೆ, ಫಿಟ್‌ನೆಸ್ ಮುದ್ರೆ ಹಾಕಿಸುತ್ತಾರೆ. ಕಳೆದ ತಿಂಗಳು ಬಂದ ಸಂದೇಶಗಳಲ್ಲಿ ಹಳೆಯದೆಂಬ ಗುರುತು ಹೊತ್ತು ಬಂದವು ಎಷ್ಟು, ಯಾವ ಜಾಗದಲ್ಲಿ ಎಂದು ಕೇಳುವವರಿಲ್ಲ. ಆ ಉತ್ತರ ಸರ್ವರಿನಲ್ಲಿ ಈಗಲೂ ಬಿದ್ದಿದೆ. ತೆಗೆದು ನೋಡಲು ಹೊಸ ಸಾಧನವೇನೂ ಬೇಡ.

ಕೂಡಿಟ್ಟು ಕಳಿಸುವುದು ಲೆಕ್ಕಪತ್ರಕ್ಕೆ ಸಾಕು, ಆಪತ್ತಿಗೆ ಸಾಲದು. ಗಾಡಿಯೊಳಗೆ ಹೆದರಿ ಗುಂಡಿ ಒತ್ತಿದ ಹೆಣ್ಣುಮಗಳ ಸಂದೇಶ ಅರ್ಧ ಗಂಟೆ ತಡವಾಗಿ ನಿಯಂತ್ರಣ ಕೊಠಡಿಗೆ ಮುಟ್ಟಿದರೆ ಅದನ್ನು ತಾಂತ್ರಿಕವಾಗಿ ತಲುಪಿತು ಎಂದು ಬರೆದುಕೊಳ್ಳಬಹುದು. ಅವಳಿಗೆ ಅದರಿಂದ ಏನೂ ಸಿಗಲಿಲ್ಲ.

ಇಲ್ಲಿ ಸಿದ್ಧ ಉತ್ತರವೊಂದು ಬರುತ್ತದೆ: ಈಗಿನ ಡಬ್ಬಿಗಳಲ್ಲಿ ಎರಡು ಕಂಪನಿಗಳ ಇ-ಸಿಮ್ ಇರುತ್ತದಲ್ಲ! ಇರುತ್ತದೆ, ಆದರೆ ಎರಡು ಸಿಮ್ ಎಂದರೆ ಎರಡು ಜಾಲ ಎಂದಲ್ಲ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ರೇಡಿಯೋ, ಒಂದು ಹೊತ್ತಿಗೆ ಜೀವಂತ ಇರುವುದು ಒಂದೇ ಪ್ರೊಫೈಲ್. ಮೊದಲನೆಯ ಜಾಲ ಸತ್ತಿದೆ ಎಂದು ಖಾತ್ರಿಯಾಗುವವರೆಗೆ ಕಾಯಬೇಕು, ಆಮೇಲೆ ಇನ್ನೊಂದನ್ನು ಎಬ್ಬಿಸಿ, ನೋಂದಾಯಿಸಿ, ಸಂಪರ್ಕ ಹೊಸದಾಗಿ ಕಟ್ಟಬೇಕು. ಅಷ್ಟರಲ್ಲಿ ಚಿಗರಿ ಒಂದು ನಿಲ್ದಾಣ ದಾಟಿರುತ್ತದೆ. ಜಾಲ ಬದಲಾದರೆ ಐಪಿ ವಿಳಾಸವೂ ಬದಲಾಗುತ್ತದೆ, ಸರ್ವರ್ ಜತೆ ನಡೆಯುತ್ತಿದ್ದ ಮಾತು ಅರ್ಧಕ್ಕೆ ಕಡಿಯುತ್ತದೆ. ಜಾಲ ಪೂರ್ತಿ ಸಾಯದೆ ಕುಂಟುತ್ತಿರುವ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಸಿಗ್ನಲ್ ತೋರಿಸುತ್ತದೆ, ಡೇಟಾ ಹೋಗುವುದಿಲ್ಲ, ಡಬ್ಬಿ ಬದಲಾಗುವುದೂ ಇಲ್ಲ.

ಎರಡು ಕಂಪನಿಗಳ ಆಂಟೆನಾಗಳು ಹಲವು ಕಡೆ ಒಂದೇ ಕಂಬದ ಮೇಲಿರುತ್ತವೆ, ಒಂದೇ ಕರೆಂಟಿನ ಮೇಲೆ ನಡೆಯುತ್ತವೆ, ನೆಲದಡಿ ಒಂದೇ ದಾರಿಯ ಫೈಬರ್ ಹಿಡಿದಿರುತ್ತವೆ. ಹಗ್ಗ ಒಂದೇ ಆದ ಮೇಲೆ ಕೊಡ ಎರಡಿದ್ದರೇನು? ಹುಬ್ಬಳ್ಳಿ-ಧಾರವಾಡದಲ್ಲಿ ರಸ್ತೆ ಅಗೆಯುವ ಜೆಸಿಬಿ ಯಾವ ಕಂಪನಿಯ ಫೈಬರ್ ಎಂದು ಕೇಳಿ ಕಡಿಯುವುದಿಲ್ಲ. ಎರಡನೆಯ ಜಾಲ ಆರಿಸುವಾಗ ದರಪಟ್ಟಿಯ ಜತೆಗೆ ಇದನ್ನೂ ಕೇಳಬೇಕು: ಈ ದಾರಿಯಲ್ಲಿ ನಿಮ್ಮ ಟವರುಗಳಲ್ಲಿ ಮೊದಲನೆಯವರ ಜತೆ ಕಂಬ, ಕರೆಂಟು, ಫೈಬರ್ ಹಂಚಿಕೊಂಡವು ಯಾವುವು?

ಪರಿಹಾರ ಗೊತ್ತಿಲ್ಲದೆ ಇದೆಲ್ಲ ಆಗುತ್ತಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗಾಡಿಯೊಳಗೆ ಒಂದು ರೂಟರ್ ಇಟ್ಟು ಹಲವು ಕಂಪನಿಗಳ ಜಾಲಗಳನ್ನು ಒಟ್ಟಿಗೆ ಬಳಸುವ ‘ಮಾರ್’ ಎಂಬ ವಿನ್ಯಾಸವನ್ನು ಸಂಶೋಧಕರು 2004ರಲ್ಲಿಯೇ ಪ್ರಕಟಿಸಿದ್ದರು. ಚಲಿಸುವ ಗಾಡಿಯ ಇಡೀ ಜಾಲವೇ ವಿಳಾಸ ಕೆಡದಂತೆ ಒಂದರಿಂದ ಇನ್ನೊಂದಕ್ಕೆ ದಾಟುವ ನೆಮೋ ಎಂಬ ಮಾನದಂಡ 2005ರದು. ಒಂದೇ ಮಾತನ್ನು ಎರಡು ಮೂರು ದಾರಿಗಳಲ್ಲಿ ಒಟ್ಟಿಗೆ ಸಾಗಿಸುವ ಮಲ್ಟಿಪಾತ್ ಟಿಸಿಪಿ 2013ರಲ್ಲಿ ಬಂತು, ಅದೇ ವರ್ಷ ಆಪಲ್ ತನ್ನ ಧ್ವನಿ ಸಹಾಯಕ ‘ಸಿರಿ’ಗೆ ಅದನ್ನು ಬಳಸಿತು. ಐಪಿ ವಿಳಾಸ ಬದಲಾದರೂ ಸಂಪರ್ಕ ಉಳಿಸಿಕೊಳ್ಳುವ ಕ್ವಿಕ್ 2021ರಲ್ಲಿ ಮಾನದಂಡವಾಯಿತು. ಎರಡು ರೇಡಿಯೋ ಸದಾ ಎಚ್ಚರವಿದ್ದು, ಮುಖ್ಯ ಸಂದೇಶ ಎರಡೂ ದಾರಿಯಲ್ಲಿ ಹೋಗಿ, ಮೊದಲು ಮುಟ್ಟಿದ್ದನ್ನು ಸರ್ವರ್ ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಡುವುದು ಇವತ್ತು ಅಂಗಡಿಯಲ್ಲಿ ಸಿಗುವ ಸಾಧನಗಳಿಂದಲೇ ಆಗುವ ಕೆಲಸ.

ರೈಲಿನವರನ್ನು ನೋಡಿ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿಯೇ ಇದೆ, ಅಮರಗೋಳ ನಿಲ್ದಾಣದಲ್ಲಿ ಕೆಲಸ ಮಾಡುವವರೂ ಆ ಶಿಸ್ತಿನಲ್ಲಿಯೇ ಬೆಳೆದವರು. ಸಿಗ್ನಲ್ ಕಂಬದಲ್ಲಿ ದೀಪವೇ ಇಲ್ಲದಿದ್ದರೆ ಲೋಕೋ ಪೈಲಟ್ ಅದನ್ನು ಹಸಿರೆಂದು ಊಹಿಸಿಕೊಂಡು ಹೋಗುವಂತಿಲ್ಲ. ಆ ಕಂಬ ತೋರಿಸಬಹುದಾದ ಅತಿ ಬಿಗಿಯಾದ ಸೂಚನೆ ಏನೋ ಅದೇ ಇದೆ ಎಂದು ತಿಳಿದು ನಡೆಯಬೇಕು. ಮೌನ ಎಂದರೆ ಅಪಾಯ ಎಂಬುದು ಅಲ್ಲಿನ ಬುನಾದಿ. ರಸ್ತೆಯ ಮೇಲಿನ ನಮ್ಮ ವ್ಯವಸ್ಥೆಯಲ್ಲಿ ಮೌನ ಎಂದರೆ ಎಲ್ಲ ಸರಿಯಿದೆ. ಸಂಪರ್ಕ ಕಡಿದ ಗಾಡಿಯನ್ನು ಪರದೆಯ ಮೇಲೆ ಕೊನೆಗೆ ಕಂಡ ಜಾಗದಲ್ಲಿಯೇ, ಅದೇ ಬಣ್ಣದಲ್ಲಿ ನಿಲ್ಲಿಸಿ ತೋರಿಸುತ್ತಾರೆ. ಹಳೆಯ ಲೆಕ್ಕದ ಮೇಲೆ ‘3 ನಿಮಿಷದಲ್ಲಿ ಬರಲಿದೆ’ ಎಂದು ಫಲಕ ಬರೆಯುತ್ತದೆ. ಕಾಯುವವರು ನಂಬುತ್ತಾರೆ. ಗೊತ್ತಿಲ್ಲ ಎಂದು ಫಲಕ ಹೇಳಿದ್ದರೆ ಅವರು ಬೇರೆ ಬಸ್ಸನ್ನಾದರೂ ಹತ್ತುತ್ತಿದ್ದರು.

ಎಪಿಎಂಸಿಯಲ್ಲಿ ಈ ಸಮಸ್ಯೆಗೆ ಬೇರೆ ಮುಖ. ಸರಕು ತುಂಬಿದ ಲಾರಿ ಅಂಕೋಲಾ ದಾರಿ ಹಿಡಿದಿದೆ ಎನ್ನಿ. “ಗಾಡಿ ಎಲ್ಲಿ ಐತ್ರಿ?” ಎಂದು ಕೇಳಿದರೆ “ಮೊಬೈಲ್ನ್ಯಾಗ ಯಲ್ಲಾಪುರ ತೋರಸಾಕತ್ತೈತ್ರಿ” ಎಂದು ಉತ್ತರ ಬರುತ್ತದೆ. ಅದು ಯಾವಾಗಿನ ಯಲ್ಲಾಪುರ ಎಂದು ಯಾರಿಗೂ ಗೊತ್ತಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಯಾವ ತಿರುವಿನಲ್ಲಿ ಯಾವ ಕಂಪನಿಯ ಜಾಲ ಹೋಗುತ್ತದೆ ಎನ್ನುವುದು ಆ ದಾರಿಯ ಚಾಲಕರಿಗೆ ಬಾಯಿಪಾಠ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಕಾಣೆಯಾದ ಲಾರಿಯೊಂದು ಕೊನೆಗೆ ತೋರಿಸಿದ ಜಿಪಿಎಸ್ ಜಾಗದ ಸುತ್ತ ಎಷ್ಟು ಆಸೆ, ಎಷ್ಟು ವಾದ ನಡೆಯಿತೆಂದು ಎಲ್ಲರೂ ಕಂಡಿದ್ದಾರೆ. ಆ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಕೊನೆಗೆ ತಿಳಿದ ಜಾಗ ಮತ್ತು ಈಗಿರುವ ಜಾಗ ಬೇರೆ ಬೇರೆ ಎಂಬುದನ್ನು ಇದಕ್ಕಿಂತ ದಾರುಣವಾಗಿ ಕಲಿಯಬೇಕಾಗಿಲ್ಲ.

ಅದೇ ಘಟ್ಟ ಹತ್ತಿ ಆಂಬುಲೆನ್ಸುಗಳು ಬರುತ್ತವೆ. ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಅದು ಆಗುವವರೆಗೆ ಅಲ್ಲಿನ ತಲೆಪೆಟ್ಟು, ಎದೆನೋವು, ಕಷ್ಟದ ಹೆರಿಗೆಗಳಲ್ಲಿ ಹಲವು ಹುಬ್ಬಳ್ಳಿಗೇ ಬರಬೇಕು. 2008ರ ನವೆಂಬರ್ 1ರಂದು ಶುರುವಾದ 108 ಸೇವೆ ಈ ರಾಜ್ಯಕ್ಕೆ ದೊಡ್ಡ ಉಪಕಾರ ಮಾಡಿದೆ. ಈಗ ಆಂಬುಲೆನ್ಸಿನಿಂದಲೇ ಇಸಿಜಿ ಕಳಿಸಬಹುದು, ವೈದ್ಯರು ದಾರಿಯಲ್ಲಿಯೇ ನೋಡಿ ಸಲಹೆ ಕೊಡಬಹುದು ಎಂಬ ಮಾತು ಎಲ್ಲೆಡೆ ಇದೆ. ಆಗಬಹುದು, ಖಂಡಿತ ಆಗಲಿ. ಆದರೆ ಇಸಿಜಿ ಅತಿ ಹೆಚ್ಚು ಬೇಕಾಗುವುದು ಆಸ್ಪತ್ರೆ ಅತಿ ದೂರ ಇರುವಾಗ, ಅಂದರೆ ಕಾಡಿನ ನಡುವೆ. ಜಾಲ ಅತಿ ಕಡಿಮೆ ಇರುವುದೂ ಅಲ್ಲಿಯೇ. ಹುಬ್ಬಳ್ಳಿಯ ಆಸ್ಪತ್ರೆಯ ಅಂಗಳದಲ್ಲಿ ಆಂಬುಲೆನ್ಸ್ ನಿಲ್ಲಿಸಿ ಈ ಸೌಲಭ್ಯವನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟರೆ ಅದು ಪರೀಕ್ಷೆಯೇ ಅಲ್ಲ. ಪರೀಕ್ಷೆ ನಡೆಯಬೇಕಾದದ್ದು ಅರಬೈಲಿನಲ್ಲಿ, ಜುಲೈ ಮಳೆಯಲ್ಲಿ.

ಉಪಗ್ರಹ ಇಂಟರ್‌ನೆಟ್ ಬಂದರೆ ಇದೂ ತೀರುತ್ತದೆ ಎನ್ನುವವರಿಗೆ ಒಂದೇ ಮಾತು: ಅದಕ್ಕೆ ತೆರೆದ ಆಕಾಶ ಬೇಕು, ಘಟ್ಟದ ದಾರಿಯ ಮೇಲೆ ಇರುವುದು ಮರದ ಚಪ್ಪರ.

ಸರ್ಕಾರದ ಕೈಯಲ್ಲಿಯೇ ಇರುವ ಕೀಲಿಯೊಂದಿದೆ. 112ಕ್ಕೆ ಕರೆ ಮಾಡಿದರೆ ನಮ್ಮ ಕಂಪನಿಯ ಜಾಲ ಇಲ್ಲದಿದ್ದರೂ ಸಿಕ್ಕ ಬೇರೆ ಜಾಲದ ಮೇಲೆ ಕರೆ ಹೋಗುವಂತೆ ಮೊಬೈಲ್ ಮಾನದಂಡಗಳಲ್ಲಿಯೇ ಏರ್ಪಾಡಿದೆ. ಬಸ್ಸಿನ ತುರ್ತು ಗುಂಡಿಯ ಡೇಟಾಕ್ಕೆ ಆ ಭಾಗ್ಯ ಇಲ್ಲ. 2025ರ ಜನವರಿ 17ರಂದು ಕೇಂದ್ರವು ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ ಸುಮಾರು 27,000 ಟವರುಗಳಲ್ಲಿ ಒಂದು ಕಂಪನಿಯ ಗ್ರಾಹಕರು ಇನ್ನೊಂದರ ಟವರ್ ಬಳಸಬಹುದೆಂದು ಒಂದೇ ದೂರಸಂಪರ್ಕ ವೃತ್ತದೊಳಗಿನ ರೋಮಿಂಗ್ ತೆರೆಯಿತು. ತೆರೆಯಲು ಬರುತ್ತದೆ ಎಂದು ಇದರಿಂದ ಖಾತ್ರಿಯಾಯಿತು. ಹಾಗಾದರೆ ಕಲಘಟಗಿಯಿಂದ ಅಂಕೋಲಾವರೆಗಿನ ದಾರಿಯಲ್ಲಿ, ಆಂಬುಲೆನ್ಸು ಮತ್ತು ಸಾರ್ವಜನಿಕ ಬಸ್ಸುಗಳ ಸಿಮ್‌ಗಳಿಗೆ ಮಾತ್ರವಾದರೂ, ಎಲ್ಲ ಕಂಪನಿಗಳ ಟವರುಗಳನ್ನು ತೆರೆಯಲು ಏನು ಅಡ್ಡಿ? ಹೊಸ ಟವರ್ ಕೇಳುವ ಮೊದಲು ಇದ್ದ ಟವರುಗಳ ಬಾಗಿಲು ತೆರೆಸಬೇಕು. ನಮ್ಮ ಸಂಸದರು, ಶಾಸಕರು ಟವರಿಗಾಗಿ ಮನವಿ ಕೊಟ್ಟ ಸುದ್ದಿ ಓದುತ್ತೇವೆ, ಇದಕ್ಕಾಗಿ ಕೊಟ್ಟದ್ದನ್ನು ನಾನಂತೂ ಓದಿಲ್ಲ.

ಖರ್ಚಿನ ಮಾತನ್ನು ತಳ್ಳಿಹಾಕುವುದಿಲ್ಲ. ಎರಡು ರೇಡಿಯೋ ಇರುವ ರೂಟರ್ ಒಂದು ರೇಡಿಯೋ ಡಬ್ಬಿಗಿಂತ ದುಬಾರಿ, ತಿಂಗಳ ಬಾಡಿಗೆಯೂ ಎರಡು. ಒಂದು ಲಾರಿ ಇಟ್ಟುಕೊಂಡು ಸಾಲದ ಕಂತು ಕಟ್ಟುವ ಮಾಲೀಕನ ಮೇಲೆ ಇದನ್ನು ಹೇರಬಾರದು, ಅವನಿಗೆ ಕೂಡಿಟ್ಟು ಕಳಿಸುವ ಡಬ್ಬಿ ಸಾಕು. ಆದರೆ ಹವಾನಿಯಂತ್ರಿತ ಚಿಗರಿ ಬಸ್ಸಿನ ಬೆಲೆಯ ಎದುರು, ವೆಂಟಿಲೇಟರ್ ಇರುವ ಆಂಬುಲೆನ್ಸಿನ ಬೆಲೆಯ ಎದುರು ಆ ರೂಟರಿನ ಬೆಲೆ ಎಷ್ಟು ಎಂದು ಕೇಳಿ ನೋಡಿ. ಸಂಪರ್ಕ ಕಡಿದಾಗ ಆಗುವ ನಷ್ಟವೂ ಲೆಕ್ಕಕ್ಕೆ ಬರಲಿ. ಈಗ ವಾಯವ್ಯ ಸಾರಿಗೆಯ ಬಸ್ಸುಗಳಲ್ಲಿ ಕ್ಯೂಆರ್ ತೋರಿಸಿ ಟಿಕೆಟ್ ಹಣ ಪಡೆಯುವುದು ರೂಢಿಯಾಗಿದೆ. ಜಾಲ ಇಲ್ಲದ ಊರಿನ ಮಧ್ಯೆ “ನನ್ನ ಕಡೆಯಿಂದ ಹೋಗೇತ್ರಿ” ಎಂದು ಪ್ರಯಾಣಿಕ, “ನನಗ ಬಂದಿಲ್ರೀ” ಎಂದು ಕಂಡಕ್ಟರ್. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಆ ಜಗಳದ ಭಾರ ಹೊರುವವರು ಅವರಿಬ್ಬರು, ಒಂದೇ ಸಿಮ್ ಸಾಕೆಂದು ತೀರ್ಮಾನಿಸಿದವರಲ್ಲ.

ಈ ಕೆಲಸಕ್ಕೆ ಹುಬ್ಬಳ್ಳಿ-ಧಾರವಾಡಕ್ಕಿಂತ ಒಳ್ಳೆಯ ಊರು ಇಲ್ಲ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ, 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ಉದ್ಘಾಟನೆಗೊಂಡ ಬಿಆರ್‌ಟಿಎಸ್ ಕಾರಿಡಾರ್ ಸುಮಾರು 22 ಕಿಲೋಮೀಟರ್. ದಾರಿ ಒಂದೇ, ಮೂವತ್ತಕ್ಕೂ ಹೆಚ್ಚು ನಿಲ್ದಾಣ, ಬಸ್ಸುಗಳು ನಿಲ್ದಾಣಕ್ಕೆ ತಾಗಿಕೊಂಡೇ ನಿಲ್ಲುತ್ತವೆ. ಬಸ್ಸು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದ ನಗರಗಳಲ್ಲಿ ಜಾಲ ಹೆಣೆಯುವುದು ಕಷ್ಟ. ಇಲ್ಲಿ ಎಲ್ಲವೂ ಮೊದಲೇ ಗೊತ್ತು. ನಿಲ್ದಾಣದಲ್ಲೊಂದು ವೈಫೈ ಇಟ್ಟರೆ, ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಬಸ್ಸು ಕೂಡಿಟ್ಟದ್ದನ್ನೆಲ್ಲ ಇಳಿಸಿ ಹೋಗಬಹುದು, ಮೊಬೈಲ್ ಜಾಲ ಪೂರ್ತಿ ಸತ್ತರೂ ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟುತ್ತದೆ. ಚೌಕದ ಸಿಗ್ನಲ್ ಬಸ್ಸಿಗೆ ಮೊದಲು ಹಸಿರು ಕೊಡಬೇಕಾದರೆ ಆ ಮಾತು ದೂರದೂರಿನ ಸರ್ವರಿಗೆ ಹೋಗಿ ಬರಬೇಕಾಗಿಲ್ಲ, ಬಸ್ಸಿನಿಂದ ನೇರವಾಗಿ ಸಿಗ್ನಲ್ ಪೆಟ್ಟಿಗೆಗೆ ನೂರಿನ್ನೂರು ಮೀಟರಿನ ರೇಡಿಯೋ ಸಾಕು.

ಈ ಕಾರಿಡಾರಿಗೆ ಎಲೆಕ್ಟ್ರಿಕ್ ರ‍್ಯಾಪಿಡ್ ಟ್ರಾನ್ಸಿಟ್ ತರುವ ಪ್ರಸ್ತಾವ ಚರ್ಚೆಯಲ್ಲಿದೆ. ಯಾವ ಗಾಡಿ ಬಂದರೂ ಅದರ ಟೆಂಡರಿನಲ್ಲಿ ‘ಜಿಪಿಎಸ್ ಮತ್ತು 5ಜಿ ಸಿಮ್ ಇರತಕ್ಕದ್ದು’ ಎಂಬ ಒಂದು ಸಾಲು ಬರೆದು ಮುಗಿಸಲು ಬಿಡಬಾರದು. ಎರಡು ರೇಡಿಯೋ ಏಕಕಾಲಕ್ಕೆ ಜೀವಂತ ಇರಬೇಕು. ಈಗಿನ ಸಂದೇಶ ಮೊದಲು, ಕೂಡಿಟ್ಟ ಹಳೆಯದು ಆಮೇಲೆ ಹೋಗಬೇಕು. ಮೂವತ್ತು ಸೆಕೆಂಡಿಗಿಂತ ಹಳೆಯ ಲೆಕ್ಕವನ್ನು ಫಲಕ ಹೊಸದೆಂದು ತೋರಿಸಕೂಡದು. ಗುತ್ತಿಗೆದಾರನಿಗೆ ಹಣ ಸಿಗಬೇಕಾದದ್ದು ಕೂಡಿಸಿದ ಡಬ್ಬಿಗಳ ಸಂಖ್ಯೆಯ ಮೇಲಲ್ಲ, ಪ್ರತಿ ಬಸ್ಸು ಪ್ರತಿ ಸರತಿಯಲ್ಲಿ ಎಷ್ಟು ಹೊತ್ತು ಮೌನವಾಗಿತ್ತು ಎಂಬುದರ ಮೇಲೆ. ಆ ಮೌನದ ನಕ್ಷೆ ತಿಂಗಳಿಗೊಮ್ಮೆ ಅಮರಗೋಳದಿಂದ ಹಿಡಿದು ಎಲ್ಲ ನಿಲ್ದಾಣಗಳಲ್ಲಿ ಜನರಿಗೆ ಕಾಣುವಂತೆ ತೂಗಬೇಕು. ಇದನ್ನು ಈಗಿರುವ ಚಿಗರಿಗಳಿಂದಲೇ, ಈಗ ಸರ್ವರಿನಲ್ಲಿರುವ ದಾಖಲೆಗಳಿಂದಲೇ ಶುರುಮಾಡಬಹುದು. ಹೊಸ ಟೆಂಡರಿಗೆ ಕಾಯಬೇಕಾಗಿಲ್ಲ.